ಕುಸ್ವಾರ್ ಕರಿದವರು ಯಾರು?

ಡಿಸೆಂಬರ್ ಅರ್ಧ ಕಳೆದ ಮೇಲೆ ಡೊಂಬಿವಲಿಯ ಯಾವುದಾದರೂ ಹೌಸಿಂಗ್ ಸೊಸೈಟಿಯ ಮೆಟ್ಟಿಲು ಹತ್ತಿದರೆ, ಮಂಗಳೂರು ಕಡೆಯ ಕ್ರೈಸ್ತರ ಮನೆಯನ್ನು ಎರಡು ಸಂಗತಿಗಳು ತೋರಿಸಿಕೊಡುತ್ತವೆ. ಒಂದು, ಬಾಲ್ಕನಿಯ ಸರಳಿಗೆ ಕಟ್ಟಿದ ನಕ್ಷತ್ರ. ಇನ್ನೊಂದು, ತೆಂಗಿನ ಹಾಲಿನಲ್ಲಿ ಕಲಸಿದ ಹಿಟ್ಟು ಎಣ್ಣೆಯಲ್ಲಿ ಕೆಂಪಗಾಗುವ ವಾಸನೆ. ನಕ್ಷತ್ರ ರಸ್ತೆಯಿಂದಲೇ ಕಾಣುತ್ತದೆ. ಸ್ಟೂಲಿನ ಮೇಲೆ ನಿಂತು ಅದನ್ನು ಕಟ್ಟಿದವನು ಸಾಮಾನ್ಯವಾಗಿ ಮನೆಯ ಗಂಡಸು. ಅರ್ಧ ಗಂಟೆಯ ಕೆಲಸ. ವಾಸನೆಯ ಹಿಂದೆ ನಾಲ್ಕೈದು ರಾತ್ರಿಗಳ ಕೆಲಸವಿದೆ. ಅದು ಸಾಮಾನ್ಯವಾಗಿ ಹೆಂಗಸಿನದು.

ಈ ಹಂಚಿಕೆ ಎಲ್ಲಿಂದ ಬಂತು, ಯಾವಾಗ ಬದಲಾಯಿತು, ಎಷ್ಟು ಬದಲಾಯಿತು ಎಂಬುದು ಈ ಬರಹದ ಪ್ರಶ್ನೆ. ಕೇಳಲು ಸಣ್ಣದು, ಉತ್ತರಿಸಲು ಕಷ್ಟದ್ದು. ಚರ್ಚಿನ ದಫ್ತರಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣ ಎಲ್ಲವೂ ತಾರೀಖು ಸಮೇತ ಸಿಗುತ್ತವೆ. ಹಬ್ಬದ ಹಿಂದಿನ ವಾರ ಹಿಟ್ಟು ನಾದಿದವರು ಯಾರು, ಕಾಯಿ ತುರಿದವರು ಯಾರು ಎಂದು ಯಾವ ಪಾದ್ರಿಯೂ ಬರೆದಿಡಲಿಲ್ಲ. ಆದ್ದರಿಂದ ಈ ಚರಿತ್ರೆಯನ್ನು ಬೇರೆ ದಾರಿಯಿಂದ ಹಿಡಿಯಬೇಕು: ಜನ ಯಾವಾಗ ಊರು ಬಿಟ್ಟರು, ಎಷ್ಟು ದೊಡ್ಡ ಮನೆಯಲ್ಲಿದ್ದರು, ಯಾವ ರೈಲು ಹಿಡಿದರು, ಯಾರು ಸಂಬಳ ತಂದರು. ಹಬ್ಬದ ಕೆಲಸ ಇವುಗಳ ಹಿಂದೆಯೇ ನಡೆದು ಬಂದಿದೆ.

ಈ ಸೀಮೆಗೆ ಕ್ರಿಸ್ಮಸ್ ಹೊಸದಲ್ಲ. ಥಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಹತರಾದದ್ದು 1321ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಸುಮಾರು 180 ವರ್ಷ ಮೊದಲು. ಆಮೇಲೆ ಪೋರ್ಚುಗೀಸರು ಬಂದರು. 1737ರಲ್ಲಿ ಮರಾಠರು ಥಾಣೆಯನ್ನು ಗೆದ್ದುಕೊಳ್ಳುವವರೆಗೆ ಅವರದೇ ಆಳ್ವಿಕೆ. ಆ ಕಾಲದಲ್ಲಿ ಕ್ರೈಸ್ತರಾದ ಸ್ಥಳೀಯರು, ಮರಾಠಿಯ ಒಂದು ಬಗೆಯನ್ನು ಮನೆಮಾತಾಗಿ ಉಳಿಸಿಕೊಂಡವರು, 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ವರ್ಷ ತಮ್ಮನ್ನು 'ಈಸ್ಟ್ ಇಂಡಿಯನ್' ಎಂದು ಕರೆದುಕೊಂಡು ಸಂಘ ಕಟ್ಟಿದರು. ಅವರ ಹಬ್ಬದ ಅಡುಗೆಗೆ ಬೇಕಾದ 'ಬಾಟಲ್ ಮಸಾಲೆ' ಏಪ್ರಿಲ್–ಮೇ ಬಿಸಿಲಿನಲ್ಲೇ ತಯಾರಾಗುತ್ತದೆ. ಮೆಣಸು, ಮಸಾಲೆ ಸಾಮಾನುಗಳನ್ನು ಒಣಗಿಸಿ, ಹುರಿದು, ಕುಟ್ಟಿ, ಬಾಟಲಿಗೆ ಒತ್ತಿ ತುಂಬುವ ಹೆಂಗಸರಿಗೆ ಡಿಸೆಂಬರಿನ ಕೆಲಸ ಬೇಸಿಗೆಯಲ್ಲೇ ಶುರು.

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ರೈಲಿನ ಜೊತೆಗೆ ಆಂಗ್ಲೋ-ಇಂಡಿಯನ್ ಕುಟುಂಬಗಳು, ಗೋವೆಯವರು, ಮುಂದೆ ಕೇರಳದವರು, ನಮ್ಮ ಕರಾವಳಿಯವರು ಬಂದು ನೆಲೆಸಿದರು. ಕೇರಳದ ಸೀರೋ ಮಲಬಾರ್ ಕ್ರೈಸ್ತರ ಸಂಖ್ಯೆ ಎಷ್ಟಾಯಿತೆಂದರೆ 1988ರಲ್ಲಿ ಅವರಿಗಾಗಿ ಕಲ್ಯಾಣದ ಹೆಸರಿನಲ್ಲೇ ಒಂದು ಧರ್ಮಪ್ರಾಂತ ಸ್ಥಾಪನೆಯಾಯಿತು. ಇವರೆಲ್ಲರ ಕ್ರಿಸ್ಮಸ್ ಬೇರೆ ಬೇರೆ. ಇಲ್ಲಿ ಮಂಗಳೂರಿನ ಕಥೋಲಿಕರ ಕಥೆಯನ್ನಷ್ಟೇ ಹಿಡಿಯುತ್ತೇನೆ. ಅವರ ಮನೆಮಾತು ಕೊಂಕಣಿ, ಅಕ್ಷರ ಕನ್ನಡ. 1938ರಲ್ಲಿ ಮಂಗಳೂರಿನಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆ ಇಂದಿಗೂ ಕನ್ನಡ ಲಿಪಿಯ ಕೊಂಕಣಿಯಲ್ಲೇ ಬರುತ್ತಿದೆ. ಡೊಂಬಿವಲಿಯ ಅಡುಗೆಮನೆಗಳಲ್ಲಿ ಎಣ್ಣೆಯ ಕಲೆ ಹತ್ತಿದ ಹಳೆಯ ನೋಟ್‌ಬುಕ್ಕುಗಳಲ್ಲಿ ತಿಂಡಿಯ ಅಳತೆ ಸೇರು, ಪಾವು, ಬಟ್ಟಲುಗಳಲ್ಲಿ ಬರೆದಿರುವುದೂ ಕನ್ನಡ ಅಕ್ಷರದಲ್ಲೇ.

ಅಂಗಳವಿದ್ದ ಮನೆ

ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳ ಒಟ್ಟು ಹೆಸರು ಕುಸ್ವಾರ್. ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ, ಆ ಸಂದರ್ಭದ ಉಡುಗೊರೆಗೆ ಪೋರ್ಚುಗೀಸರು ಹೇಳುವ 'ಕೊನ್ಸೊವಾದ' ಎಂಬ ಪದದಿಂದ ಇದು ಬಂತೆಂದು ಹೇಳುತ್ತಾರೆ. ಹೆಸರು ಹೊರಗಿನದಿರಬಹುದು, ತಿಂಡಿ ನಮ್ಮದೇ. ನೆವ್ರ್ಯೊ ಎಂದರೆ ನಮ್ಮ ಕರ್ಜಿಕಾಯಿ. ಚಕ್ಲ್ಯೊ ಎಂದರೆ ಚಕ್ಕುಲಿ. ಎಳ್ಳಿನ ಲಾಡು, ಅಕ್ಕಿಹಿಟ್ಟಿನ ಸಣ್ಣ ಉಂಡೆಗಳ ಗುಳಿಯೊ, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸುವ ಗುಲಾಬಿ ಹೂವಿನಂಥ ಕೊಕ್ಕಿಸಾಂ, ಫೋರ್ಕಿನ ಬೆನ್ನಿನ ಮೇಲೆ ಹಿಟ್ಟಿನ ಚೂರನ್ನು ಒತ್ತಿ ಸುರುಳಿ ಮಾಡಿ ಕರಿಯುವ ಕಿಡಿಯೊ. ಕಿಡಿಯೊ ಎಂದರೆ ಹುಳಗಳು. ಆಕಾರ ನೋಡಿ ಇಟ್ಟ ಹೆಸರು.

ಇವುಗಳಲ್ಲಿ ಒಂದನ್ನೂ ಒಬ್ಬರೇ ಕೂತು ಮಾಡಲಾಗುವುದಿಲ್ಲ. ಎರಡು ಕಿಲೋ ಮೈದಾದ ಕಿಡಿಯೊ ಒತ್ತಲು ಒಬ್ಬರೇ ಕೂತರೆ ಬೆಳಗಾಗುತ್ತದೆ. ಕರಾವಳಿಯ ಹಳೆಯ ಮನೆಯಲ್ಲಿ ಆ ತೊಂದರೆ ಇರಲಿಲ್ಲ. ಅತ್ತೆ, ಸೊಸೆಯಂದಿರು, ನಾದಿನಿಯರು, ಪಕ್ಕದ ಮನೆಯವರು, ಮಕ್ಕಳು ಎಲ್ಲರೂ ಚಾಪೆಯ ಸುತ್ತ ಕೂರುತ್ತಿದ್ದರು. ಗಂಡಸರ ಕೆಲಸ ಅಂಗಳದಲ್ಲಿ. ಹಂದಿ ನೋಡಿ ಗೊತ್ತುಮಾಡುವುದು, ಕಡಿಯುವುದು, ಮಾಂಸ ಪಾಲು ಮಾಡುವುದು, ತೆಂಗಿನಕಾಯಿ ಕೀಳಿಸಿ ಸುಲಿಯುವುದು, ಕಟ್ಟಿಗೆ ಸೀಳುವುದು, ಸನ್ನಾಂ ಉಬ್ಬಲು ಬೇಕಾದ ಕಳ್ಳು ತರುವುದು, ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುವುದು, ಬಾಲಯೇಸುವಿನ ಗೋದಲಿ ಕಟ್ಟುವುದು. ಗೋದಲಿಯ ಹಸಿರಿಗೆಂದು ಮಕ್ಕಳು ವಾರ ಮುಂಚೆಯೇ ತಟ್ಟೆಯಲ್ಲಿ ಭತ್ತ ಮೊಳಕೆಗಿಡುತ್ತಿದ್ದರು.

ಇದನ್ನು ಸುಂದರ ಸಮಬಾಳ್ವೆ ಎಂದು ಹೇಳಿ ಮುಂದೆ ಹೋಗುವಂತಿಲ್ಲ. ಆಳುಕಾಳಿದ್ದ ಜಮೀನ್ದಾರರ ಮನೆಯಲ್ಲಿ ಅಮ್ಮನವರ ಕೆಲಸ ಉಸ್ತುವಾರಿ ಮಾತ್ರ. ಗೇಣಿಗೆ ಗದ್ದೆ ಮಾಡುತ್ತಿದ್ದವನ ಹೆಂಡತಿ ಹಗಲು ಹೊಲದಲ್ಲಿ ದುಡಿದು ರಾತ್ರಿ ಒರಳಿನ ಮುಂದೆ ಕೂರುತ್ತಿದ್ದಳು. ಆದರೂ ಒಂದು ಮಾತು ಎರಡೂ ಮನೆಗೆ ಹೊಂದುತ್ತದೆ: ಅಲ್ಲಿ ಕೆಲಸ ಹಂಚಿಕೆಯಾಗುತ್ತಿದ್ದದ್ದು ಹೆಂಗಸರ ಗುಂಪಿಗೂ ಗಂಡಸರ ಗುಂಪಿಗೂ ನಡುವೆ. 'ಗಂಡ ಹೆಂಡತಿ ಕೂಡಿ ಹಬ್ಬದ ತಯಾರಿ ಮಾಡುವುದು' ಎಂಬ ಮಾತಿಗೆ ಆ ಮನೆಯಲ್ಲಿ ಅರ್ಥವೇ ಇರಲಿಲ್ಲ. ಅವರಿಬ್ಬರೇ ಇರುತ್ತಿದ್ದ ಮನೆ ಆಗಿನ್ನೂ ಕಟ್ಟಿರಲಿಲ್ಲ.

ಹಡಗು ಹತ್ತಿದವರು

ಮೊದಲು ಊರು ಬಿಟ್ಟವರು ಗಂಡಸರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮದ್ರಾಸಿನ ದಿಕ್ಕಿಗೆ. ಮುಂಬಯಿಗೆ ಹೋಗುವವರಿಗೆ ಕರಾವಳಿಯ ಉಗಿಹಡಗೇ ಗತಿ; ಮಳೆಗಾಲದಲ್ಲಿ ಅದೂ ಇಲ್ಲ. ಓದು ಬಲ್ಲವರು ಗುಮಾಸ್ತರಾದರು. ಓದು ಇಲ್ಲದವರು ಅಡುಗೆಯವರಾದರು, ಬೇಕರಿಗಳಿಗೆ ಸೇರಿದರು, ಸಾಹೇಬರ ಮನೆಗಳಲ್ಲಿ ಬಟ್ಲರರಾದರು. ಗೋವೆಯವರು ಧೋಬಿ ತಲಾವ್, ಮಝಗಾಂವ್ ಕಡೆ ಊರಿಗೊಂದರಂತೆ 'ಕೂಡ್' ಎಂಬ ಸಾಮೂಹಿಕ ವಸತಿಗಳನ್ನು ನಡೆಸುತ್ತಿದ್ದರು. ಒಂದು ಪೀಠ, ಒಂದಿಷ್ಟು ಟ್ರಂಕು, ಮಲಗಲು ನೆಲ. ಮಂಗಳೂರಿನವರೂ ಹಾಗೆಯೇ ಒಂದು ಕೋಣೆಯಲ್ಲಿ ಏಳೆಂಟು ಮಂದಿ ಸೇರಿಕೊಂಡರು.

ಇಲ್ಲಿ ನಮ್ಮ ಕಥೆಯ ಮೊದಲ ತಿರುವು ಇದೆ. ಊರಿನಲ್ಲಿ ಒಲೆಯ ಮುಂದೆ ಕೂರದ ಗಂಡಸು ಮುಂಬಯಿಯಲ್ಲಿ ಅಡುಗೆಯನ್ನೇ ಕಸುಬು ಮಾಡಿಕೊಂಡ. ನಮ್ಮ ಉಡುಪಿ ಹೋಟೆಲುಗಳ ಕಥೆಯೂ ಇದೇ ಅಲ್ಲವೇ? ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬುತ್ತಿದ್ದ ಹುಡುಗರು ರಜೆಗೆ ಊರಿಗೆ ಹೋದಾಗ ತಟ್ಟೆಯ ಮುಂದೆ ಕೂತು ಬಡಿಸಲು ಹೇಳುತ್ತಿದ್ದರು. ಸಂಬಳಕ್ಕೆ ಮಾಡುವ ಅಡುಗೆ ಕಸುಬು, ಮನೆಯಲ್ಲಿ ಮಾಡುವ ಅಡುಗೆ ಹೆಂಗಸಿನ ಕೆಲಸ ಎಂಬ ಗೆರೆ ಅಳಿಯಲಿಲ್ಲ. ಆದರೂ ಕೈಗೆ ಕೆಲಸ ಗೊತ್ತಾಯಿತು. ರಜೆ ಸಿಗದೆ ಕೋಣೆಯಲ್ಲೇ ಉಳಿದವರು ತಮ್ಮ ಕ್ರಿಸ್ಮಸ್ಸನ್ನು ತಾವೇ ಬೇಯಿಸಿಕೊಂಡರು. ಅದೇ ರಾತ್ರಿ ಊರಿನಲ್ಲಿ ಉಳಿದ ಹೆಂಡತಿ ಹಂದಿಯ ದರ ಕೇಳಿದಳು, ಕಳ್ಳಿಗೆ ಹೇಳಿಕಳಿಸಿದಳು, ನಕ್ಷತ್ರ ಕಟ್ಟಲು ಯಾರನ್ನೋ ಕರೆದಳು. ಗಂಡ ಹೆಂಡತಿಯರು ಒಬ್ಬರ ಕೆಲಸವನ್ನು ಇನ್ನೊಬ್ಬರು ಮೊದಲು ಕಲಿತದ್ದು ಹೀಗೆ, ನಡುವೆ ಸಮುದ್ರವಿದ್ದಾಗ.

ವನ್ ರೂಂ ಕಿಚನ್

ಹೆಂಡತಿಯರು ಮುಂಬಯಿಗೆ ಬಂದಾಗ ಸಂಸಾರದ ಅಳತೆಯೇ ಬದಲಾಯಿತು. ಉಳ್ಳವರು ಬಾಂದ್ರಾದಲ್ಲಿ ನೆಲೆ ಕಂಡುಕೊಂಡರು. ಅಲ್ಲಿನ ಸಾಲ್ಸೆಟ್ ಕ್ಯಾಥೊಲಿಕ್ ಸಹಕಾರಿ ಗೃಹನಿರ್ಮಾಣ ಸಂಘ 1918ರಷ್ಟು ಹಳೆಯದು, ಅದನ್ನು ಕಟ್ಟಿದವರಲ್ಲಿ ಮಂಗಳೂರಿನವರು ಮುಂದಿದ್ದರು. ಉಳಿದವರನ್ನು ಬಾಡಿಗೆ ರೈಲಿನ ದಾರಿಯಲ್ಲಿ ದೂರ ದೂರಕ್ಕೆ ತಳ್ಳಿತು. 1960ರ ದಶಕದಲ್ಲಿ ಎಂಐಡಿಸಿ ಥಾಣೆಯಲ್ಲಿ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟ್ ತೆರೆಯಿತು. ಥಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಕಾರ್ಖಾನೆಗಳು ಎದ್ದವು. 1970ರಲ್ಲಿ ಸಿಡ್ಕೊ ಹುಟ್ಟಿ ಖಾರಿಯ ಆಚೆ ನವಿ ಮುಂಬಯಿ ಕಟ್ಟತೊಡಗಿತು. ಸಿಎಸ್‌ಟಿಯಿಂದ 48 ಕಿಲೋಮೀಟರ್ ದೂರದ ಡೊಂಬಿವಲಿಯಲ್ಲಿ ಗುಮಾಸ್ತನ ಸಂಬಳಕ್ಕೂ ಒಂದು ಕೋಣೆ, ಒಂದು ಅಡುಗೆಮನೆ ಸಿಗುತ್ತಿತ್ತು.

ಈ ವನ್ ರೂಂ ಕಿಚನ್ನಿನಲ್ಲಿ ಅತ್ತೆ ಇಲ್ಲ, ನಾದಿನಿ ಇಲ್ಲ, ಅಂಗಳ ಇಲ್ಲ. ಇಬ್ಬರೇ. ಈಗ ಆದದ್ದನ್ನು ಗಮನಿಸಬೇಕು. ಗಂಡಸಿನ ಹಬ್ಬದ ಕೆಲಸಗಳು ಒಂದೊಂದಾಗಿ ಕಾಣೆಯಾದವು. ಹಂದಿ ಕಡಿಯುವುದು ಮಾಂಸದಂಗಡಿಯವನ ಪಾಲಾಯಿತು. ಕಟ್ಟಿಗೆಯ ಜಾಗಕ್ಕೆ ಸೀಮೆಎಣ್ಣೆ ಸ್ಟವ್, ಆಮೇಲೆ ಗ್ಯಾಸ್ ಬಂತು. ಕಳ್ಳಿನ ಬದಲು ಯೀಸ್ಟ್. ತೆಂಗಿನಕಾಯಿ ಸುಲಿದೇ ಮಾರ್ಕೆಟ್ಟಿಗೆ ಬರುತ್ತಿತ್ತು. ಕೊನೆಗೆ ಕಾಗದದ ನಕ್ಷತ್ರವೂ ಅಂಗಡಿಯಲ್ಲಿ ಮಡಚಿ ಸಿಕ್ಕಿತು. ಹೆಂಗಸಿನ ಕೆಲಸ ಮಾತ್ರ ಒಂದೂ ಬಿಡದೆ ಊರಿನಿಂದ ಹೊರಟು ಬಂದಿತ್ತು: ಅಷ್ಟೇ ಬಗೆಯ ತಿಂಡಿ, ಅಷ್ಟೇ ತಟ್ಟೆ. ಮೊದಲು ಎಂಟು ಕೈಗಳು ಮಾಡುತ್ತಿದ್ದದ್ದನ್ನು ಈಗ ಎರಡು ಕೈಗಳು ಮಾಡಬೇಕು. ವಲಸೆ ಗಂಡಸಿನ ಹೊರೆ ಇಳಿಸಿತು, ಹೆಂಗಸಿನ ಹೊರೆ ಏರಿಸಿತು.

ಅದೇ ಹೊತ್ತಿಗೆ ಆ ಹೆಂಗಸು ಕೆಲಸಕ್ಕೂ ಹೊರಟಳು. ಮಂಗಳೂರಿನಲ್ಲಿ ಹುಡುಗಿಯರಿಗೆ ಶಾಲೆಗಳಿದ್ದವು, 1921ರಿಂದ ಸಂತ ಆಗ್ನೆಸ್ ಕಾಲೇಜು ಇತ್ತು, ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುವ ಅವಕಾಶವಿತ್ತು. ಅಲ್ಲಿ ಕಲಿತು ಬಂದವರು ಮುಂಬಯಿಯಲ್ಲಿ ಟೀಚರು, ನರ್ಸು, ಟೈಪಿಸ್ಟು, ಟೆಲಿಫೋನ್ ಆಪರೇಟರ್ ಆದರು. ಮನೆಗೆ ಎರಡು ಸಂಬಳ ಬಂತು. ಕಿಡಿಯೊ ಒತ್ತುವ ಫೋರ್ಕು ಒಂದೇ ಉಳಿಯಿತು.

ಗಂಡಸರಿಗೆ ಇದು ಕಾಣದೇ ಇರಲಿಲ್ಲ. ಅವರ ಉತ್ತರ ಹಲವು ಬಾರಿ ಯಂತ್ರದ ರೂಪದಲ್ಲಿ ಬಂತು. ಮುಂಬಯಿಯಲ್ಲೇ ಹುಟ್ಟಿದ ಸುಮೀತ್ ಮಿಕ್ಸಿಯ ಕಥೆ ಪ್ರಸಿದ್ಧ. 1960ರ ದಶಕದಲ್ಲಿ ಇಂಜಿನಿಯರ್ ಸತ್ಯಪ್ರಕಾಶ ಮಾಥುರ್ ಅವರ ಹೆಂಡತಿ ಮಾಧುರಿಯವರ ಜರ್ಮನ್ ಬ್ರೌನ್ ಮಿಕ್ಸಿ ಕೆಟ್ಟುಹೋಯಿತು. ಗಂಡ ನಮ್ಮ ಅಡುಗೆಗೆ ತಡೆಯುವಂಥದ್ದನ್ನು ತಾನೇ ಮಾಡಿದರು. ಒಣಮೆಣಸು, ಅಕ್ಕಿ, ಕೊಬ್ಬರಿ ಏನು ಹಾಕಿದರೂ ಆ ಯಂತ್ರ ಸೋಲಲಿಲ್ಲ. ಇದು ದೊಡ್ಡ ಉಪಕಾರ, ಸಂಶಯವಿಲ್ಲ. ಒರಳಿನ ಮುಂದೆ ಕಳೆದ ತಾಸುಗಳು ನಿಮಿಷಗಳಾದವು. ಆದರೆ ಮಿಕ್ಸಿ ರುಬ್ಬುತ್ತದೆ, ಕಿಡಿಯೊ ಒತ್ತುವುದಿಲ್ಲ; ನಾಳೆ ಎಷ್ಟು ರುಬ್ಬಬೇಕೆಂದು ನೆನಪಿಡುವುದೂ ಇಲ್ಲ.

ಗಲ್ಫಿನ ಡಿಸೆಂಬರ್

1973ರ ನಂತರ ತೈಲದ ಬೆಲೆ ಏರಿದಾಗ ಕುವೈತ್, ಬಹರೇನ್, ದುಬೈಗಳಿಗೆ ಹೊರಟವರಲ್ಲಿ ಕರಾವಳಿಯವರೂ ಮುಂಬಯಿಯ ಕರಾವಳಿಯವರೂ ಬಹಳ. ಸಂಸಾರ ಕರೆದೊಯ್ಯುವಷ್ಟು ಸಂಬಳ ಎಲ್ಲರಿಗೂ ಇರಲಿಲ್ಲ. ಡೊಂಬಿವಲಿ, ಕಲ್ಯಾಣಗಳ ಎಷ್ಟೋ ಮನೆಗಳಲ್ಲಿ ಹೆಂಡತಿ ಮಕ್ಕಳು ಉಳಿದರು. ಹಡಗಿನ ಕಾಲದ ಕಥೆ ಮತ್ತೊಮ್ಮೆ, ಈ ಸಲ ವಿಮಾನದಲ್ಲಿ.

ರಜೆ ಸಿಕ್ಕಿದ ವರ್ಷ ಗಂಡ ಡಿಸೆಂಬರಿನಲ್ಲಿ ಬರುತ್ತಿದ್ದ. ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕಲೇಟು, ಮಿಣುಕುವ ದೀಪದ ಸರ, ಮಡಚುವ ಕ್ರಿಸ್ಮಸ್ ಮರ. ಆ ವರ್ಷ ಅವನು ಅತಿಥಿ. ಅತಿಥಿಗೆ ಕೆಲಸ ಹೇಳುವುದುಂಟೇ? ರಜೆ ಸಿಗದ ವರ್ಷ ಹೆಂಡತಿಯೇ ಸ್ಟೂಲು ಹತ್ತಿ ನಕ್ಷತ್ರ ಕಟ್ಟಿದಳು, ಮಾಂಸದಂಗಡಿಯ ಸರದಿಯಲ್ಲಿ ನಿಂತಳು, ಬ್ಯಾಂಕಿನಿಂದ ಡ್ರಾಫ್ಟಿನ ಹಣ ಬಿಡಿಸಿದಳು. ಅತ್ತ ಬ್ಯಾಚುಲರ್ ರೂಮಿನಲ್ಲಿ ಸರದಿಯ ಮೇಲೆ ಅಡುಗೆ ಮಾಡುತ್ತಿದ್ದ ಗಂಡ ಸಾರಿಗೆ ಉಪ್ಪು ಎಷ್ಟು, ಅನ್ನಕ್ಕೆ ನೀರು ಎಷ್ಟು ಎಂದು ಕಲಿತ.

1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. 1,70,000ಕ್ಕೂ ಹೆಚ್ಚು ಭಾರತೀಯರನ್ನು ಹೆಚ್ಚಾಗಿ ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತರಲಾಯಿತು. ಬಹಳ ಮಂದಿ ಇಳಿದದ್ದು ಮುಂಬಯಿಯಲ್ಲೇ. ಆ ಡಿಸೆಂಬರಿನಲ್ಲಿ ಎಷ್ಟೋ ಮನೆಗಳಲ್ಲಿ ಸೂಟ್‌ಕೇಸ್ ಇಲ್ಲದ ಗಂಡನಿದ್ದ. ಕೈಯಲ್ಲಿ ಹಣ ಕಡಿಮೆ, ಸಮಯ ಬೇಕಾದಷ್ಟು, ಅಡುಗೆ ಗೊತ್ತು. ಹಂಚಿಕೊಳ್ಳಲು ಬೇಕಾದದ್ದೆಲ್ಲ ಇತ್ತು. ಕಷ್ಟದ ಕಾಲ ಮುಗಿದೊಡನೆ ಅವರಲ್ಲಿ ಅನೇಕರು ಮರಳಿ ಗಲ್ಫಿಗೆ ಹೋದರು.

6.50ರ ಲೋಕಲ್

ಮೂರನೆಯ ಅಗಲಿಕೆ ಇಷ್ಟು ದೊಡ್ಡದಲ್ಲ, ಆದರೆ ದಿನವೂ ಆಗುವಂಥದ್ದು. ಅದು ಲೋಕಲ್ ರೈಲಿನದು. ಕಲ್ಯಾಣದಿಂದ ಸಿಎಸ್‌ಟಿಗೆ ಸುಮಾರು 54 ಕಿಲೋಮೀಟರ್. ಮನೆ ಬಿಟ್ಟು ಮನೆ ಸೇರುವಷ್ಟರಲ್ಲಿ ಹನ್ನೆರಡು ತಾಸು ಹೋಗುತ್ತದೆ. ಗಂಡ ಹೆಂಡತಿ ಒಂದೇ ಗಾಡಿ ಹಿಡಿದರೂ ಅವನು ಜನರಲ್ ಡಬ್ಬಿ, ಇವಳು ಲೇಡೀಸ್ ಡಬ್ಬಿ. 1992ರಲ್ಲಿ ಚರ್ಚ್‌ಗೇಟ್–ಬೋರಿವಲಿ ನಡುವೆ ಹೆಂಗಸರಿಗಷ್ಟೇ ಮೀಸಲಾದ ಲೇಡೀಸ್ ಸ್ಪೆಷಲ್ ಓಡಿತು. ಕಲ್ಯಾಣದ ದಾರಿಗೂ ಅಂಥ ಗಾಡಿ ಬಂತು. ಲೇಡೀಸ್ ಡಬ್ಬಿಯಲ್ಲಿ ಬಟಾಣಿ ಸುಲಿಯುವುದು, ಮೆಂತೆ ಸೊಪ್ಪು ಬಿಡಿಸುವುದು ಮುಂಬಯಿಯವರೆಲ್ಲ ಕಂಡ ನೋಟ. ಜನರಲ್ ಡಬ್ಬಿಯಲ್ಲಿ ಭಜನೆ ನಡೆಯುತ್ತದೆ, ಇಸ್ಪೀಟು ನಡೆಯುತ್ತದೆ. ಬಟಾಣಿ ಸುಲಿದದ್ದನ್ನು ಯಾರೂ ಕಂಡಿಲ್ಲ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ಕ್ರೈಸ್ತರಿಗೆ ಆಗಮನ ಕಾಲ. ಪಾದ್ರಿ ನೇರಳೆ ಬಣ್ಣದ ಉಡುಪು ತೊಡುತ್ತಾರೆ, ಸುಮ್ಮನಿದ್ದು ಕಾಯುವ ಕಾಲ ಎನ್ನುತ್ತಾರೆ. ಊರಿನಲ್ಲಿ ಹೇಗೋ, ಡೊಂಬಿವಲಿಯಲ್ಲಿ ಆ ನಾಲ್ಕು ಭಾನುವಾರಗಳೇ ದುಡಿಯುವ ದಿನಗಳು. ಮಹಾರಾಷ್ಟ್ರದಲ್ಲಿ ಕ್ರಿಸ್ಮಸ್ಸಿಗೆ ರಜೆ 25ರ ಒಂದು ದಿನ; 24ರಂದು ಆಫೀಸಿದೆ. ಹಿಂದೆ ಪೂಜೆ ನಡುರಾತ್ರಿಗೆ ಇದ್ದಾಗ ಸಂಜೆ ಮನೆಗೆ ಬಂದು ಕೊನೆಯ ಕೆಲಸ ಮುಗಿಸುವಷ್ಟು ಬಿಡುವಿತ್ತು. 2000ರ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದ ಮೇಲೆ, ಬಯಲಿನಲ್ಲಿ ಪೂಜೆ ನಡೆಸುವ ಹಲವು ಚರ್ಚುಗಳು ಹೊತ್ತನ್ನು ಮುಂದಕ್ಕೆ ತಂದವು. ಸರ್ಕಾರ ಕೆಲವು ದಿನಗಳಿಗೆ ವಿನಾಯಿತಿ ಕೊಟ್ಟರೂ ಬೇಗ ಮುಗಿಸುವ ರೂಢಿ ಎಷ್ಟೋ ಕಡೆ ಉಳಿಯಿತು. ಅಡುಗೆಮನೆಯ ಗಡಿಯಾರದಿಂದ ಎರಡು ತಾಸು ಕಳೆದುಹೋಯಿತು. ಬಹುಶಃ ಆ ಎರಡು ತಾಸುಗಳೇ ಎಷ್ಟೋ ಗಂಡಂದಿರನ್ನು ಸೌಟು ಹಿಡಿಯುವಂತೆ ಮಾಡಿದವು. ಹೊತ್ತು ಸಾಲದಾದಾಗ ಕೈ ಚಾಚುವುದು ಸುಲಭ.

ಕೈ ಹಿಂದೆಗೆಯುವುದೂ ಅಷ್ಟೇ ಸುಲಭ. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ತಿ ತೆರೆಯಿತು. ಕುರ್ಲಾದಿಂದ ಹೊರಟು ಥಾಣೆ, ಪನ್ವೇಲ್ ಹಾದು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬೆಳಗಾಗುವಷ್ಟರಲ್ಲಿ ಕರಾವಳಿ ಮುಟ್ಟಿಸಿತು. ಘಟ್ಟ ಹತ್ತಿ ಇಳಿದು ಬಸ್ಸಿನಲ್ಲಿ ಸೊಂಟ ನೋಯಿಸಿಕೊಳ್ಳಬೇಕಿಲ್ಲದ್ದರಿಂದ ವಯಸ್ಸಾದ ಅಮ್ಮ, ಅತ್ತೆ ಡಿಸೆಂಬರಿನಲ್ಲಿ ಬಂದು ಇರತೊಡಗಿದರು. ಚೀಲದಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಬಾಫಾತ್ ಪುಡಿ. ಮೂರನೆಯ ಜೋಡಿ ಕೈ ಮನೆಗೆ ಬಂದಾಗಲೆಲ್ಲ ಗಂಡನ ಕೈ ಮೆಲ್ಲನೆ ಹಿಂದೆ ಸರಿಯಿತು. ಹಂಚಿಕೆಯ ಚರಿತ್ರೆ ನೇರ ಮೇಲೇರುವ ಗೆರೆಯಲ್ಲ, ಉಬ್ಬರ ಇಳಿತ.

ನಡುವೆ ನೆರೆಹೊರೆಯೂ ಒಂದು ಕೈ ಸೇರಿಸಿತು. ಡೊಂಬಿವಲಿಯ ಮರಾಠಿ ಮನೆಯ ದೀಪಾವಳಿಯ 'ಫರಾಳ'ದಲ್ಲಿ ಇರುವುದೂ ಚಕ್ಲಿ, ಕರಂಜಿ. ಕರಂಜಿಗೂ ನೆವ್ರ್ಯೊಗೂ ಇರುವುದು ತಿಂಗಳೆರಡರ ಅಂತರ. ಚಕ್ಕುಲಿ ಒತ್ತುವ ಮುಟ್ಟು ಗೋಡೆಯಾಚೆಯಿಂದ ಬಂತು, ತಿರುಗಿ ಹೋಗುವಾಗ ಜೊತೆಗೆ ಒಂದು ತಟ್ಟೆ ಹೋಯಿತು. ಕೊಟ್ಟ ತಟ್ಟೆ ಖಾಲಿ ಮರಳುವುದಿಲ್ಲ ಎಂಬುದು ಎರಡೂ ಮನೆಯ ಧರ್ಮ.

ಮತ್ತೆ ಬಂತು ಆರ್ಡರ್. 1959ರಲ್ಲಿ ಗಿರ್ಗಾಂವ್‌ನ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಲಿಜ್ಜತ್ ಪಾಪಡ್ ಶುರುಮಾಡಿ, ಮನೆಯಲ್ಲಿ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ದರ ಇದೆ ಎಂದು ಈ ಊರಿಗೆ ತೋರಿಸಿದ್ದರು. ಕುಸ್ವಾರ್ ಕೂಡ ಅದೇ ದಾರಿ ಹಿಡಿಯಿತು. ಸಮಯವಿಲ್ಲದ ಮನೆಗೆ ಸಮಯವಿರುವ ಮನೆಯಿಂದ ಕಿಲೋ ಲೆಕ್ಕದಲ್ಲಿ ತಿಂಡಿ ಬಂತು. ಗಂಡ ಹೆಂಡತಿಯ ನಡುವೆ ಬಗೆಹರಿಯದ ಹಂಚಿಕೆ ಹಣ ಕೊಟ್ಟಾಗ ಬಗೆಹರಿಯಿತು, ಇನ್ನೊಬ್ಬ ಹೆಂಗಸಿನ ಕೈಯಿಂದ. ಆ ಹೆಂಗಸಿಗೆ ಅದು ಸಂಪಾದನೆ, ಗೌರವ ಕೂಡ, ದೂರುವ ಮಾತೇನಿಲ್ಲ. ಆದರೆ ಎಣ್ಣೆಯ ಮುಂದೆ ನಿಂತವಳು ಬದಲಾದಳು, ನಿಂತದ್ದು ಹೆಂಗಸೇ ಎಂಬುದು ಬದಲಾಗಲಿಲ್ಲ.

ರೈಲು ನಿಂತ ವರ್ಷ

2020ರಲ್ಲಿ ವಿಚಿತ್ರವೊಂದು ನಡೆಯಿತು. ಕೊರೊನಾದಿಂದ ಮಾರ್ಚಿನಲ್ಲಿ ನಿಂತ ಲೋಕಲ್ ಮೊದಲು ಅಗತ್ಯ ಸೇವೆಯವರಿಗೆ ಮಾತ್ರ ತೆರೆಯಿತು. ಅಕ್ಟೋಬರ್ 21ರಿಂದ, ನೂಕುನುಗ್ಗಲಿಲ್ಲದ ಹೊತ್ತಿನಲ್ಲಿ ಎಲ್ಲ ಹೆಂಗಸರಿಗೂ ಪ್ರಯಾಣಕ್ಕೆ ಅನುಮತಿ ಸಿಕ್ಕಿತು. ಉಳಿದ ಗಂಡಸರು 2021ರ ಫೆಬ್ರವರಿ 1ರವರೆಗೆ ಕಾಯಬೇಕಾಯಿತು. ಡಿಸೆಂಬರ್ 22ರಿಂದ ರಾತ್ರಿ 11ರ ನಂತರ ಕರ್ಫ್ಯೂ ಬೇರೆ. ಅಂದರೆ ಆ ಒಂದು ಕ್ರಿಸ್ಮಸ್ಸಿನಲ್ಲಿ ಕಲ್ಯಾಣ, ಡೊಂಬಿವಲಿಗಳ ಹೆಂಡತಿಗೆ ರೈಲು ಹತ್ತುವ ಹಕ್ಕಿತ್ತು, ಅಗತ್ಯ ಸೇವೆಯಲ್ಲಿರದ ಗಂಡನಿಗೆ ಇರಲಿಲ್ಲ. ನೂರು ವರ್ಷ ಗಂಡಸನ್ನು ಮನೆಯಿಂದ ಹೊರಗೆ ಎಳೆಯುತ್ತ ಬಂದ ಹಡಗು, ವಿಮಾನ, ರೈಲು ಮೂರೂ ಒಟ್ಟಿಗೆ ಅವನನ್ನು ಮನೆಯಲ್ಲೇ ಬಿಟ್ಟಿದ್ದವು.

ಮನೆಯಲ್ಲಿ ಉಳಿದವನು ಏನು ಮಾಡಿದ? ಅಂಕಿಸಂಖ್ಯೆಗಳು ಆ ಡಿಸೆಂಬರಿನದಲ್ಲ, ಹಿಂದಿನ ವರ್ಷದವು. 2019ರಲ್ಲಿ ನಡೆದ ದೇಶದ ಮೊದಲ ಸಮಗ್ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 6 ವರ್ಷ ದಾಟಿದ ಹೆಂಗಸರಲ್ಲಿ ಶೇ. 81.2 ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು, ಗಂಡಸರಲ್ಲಿ ಶೇ. 26.1. ಮಾಡುವವರಲ್ಲೂ ಹೆಂಗಸರು ಕೊಟ್ಟದ್ದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97. ಹಬ್ಬದ ವಾರದ ಲೆಕ್ಕ ಅದರಲ್ಲಿ ಬೇರೆ ಇಲ್ಲ. ಮಾಮೂಲಿ ದಿನದ ತಕ್ಕಡಿಯೇ ಇಷ್ಟು ವಾಲಿದ್ದರೆ ಹಬ್ಬದ ದಿನ ಅದು ನೆಟ್ಟಗಾಗುವುದು ಸುಲಭವಲ್ಲ.

ಆದರೂ ಏನೂ ಬದಲಾಗಿಲ್ಲ ಎನ್ನುವುದು ತಪ್ಪು. ಈಗಿನ ಮನೆಗಳಲ್ಲಿ ಹಿಟ್ಟು ನಾದುವ ಗಂಡಂದಿರಿದ್ದಾರೆ. ನಾದಲು ತೋಳಿನ ಬಲ ಬೇಕು, ಅದು ಗಂಡಸಿಗೆ ಒಪ್ಪಿತ. ಕರಿಯುವವರಿದ್ದಾರೆ. ಹಂದಿಯ ಬಾಫಾತ್ ತಮ್ಮದೇ ಎಂದು ಜಂಬ ಪಡುವವರಿದ್ದಾರೆ; ಮಾಂಸ ಮೊದಲಿನಿಂದಲೂ ಅವರ ಅಂಗಳದ್ದು. ಕಿಡಿಯೊ ಒತ್ತುವ ರಾತ್ರಿ ಟಿವಿ ಮುಂದೆ ಕಾಗದ ಹಾಸಿ ನಾಲ್ವರೂ ಕೂರುವ ಮನೆಗಳಿವೆ. ಕೈಗಳ ಕೆಲಸ ನಿಧಾನಕ್ಕಾದರೂ ಹಂಚಿಕೆಯಾಗುತ್ತಿದೆ. ಹಂಚಿಕೆಯಾಗದೆ ಉಳಿದಿರುವುದು ಪಟ್ಟಿ.

ಪಟ್ಟಿ ಎಂದರೆ ಎಳ್ಳು ಯಾವಾಗ ತರಬೇಕು, ಯಾವುದು ಹದಿನೈದು ದಿನ ಕೆಡದೆ ಇರುತ್ತದೆ, ಯಾವುದನ್ನು ಕೊನೆಗೆ ಕರಿಯಬೇಕು, ಡಬ್ಬಿ ಎಷ್ಟು ತೊಳೆದಿಡಬೇಕು. ಮೂರನೆಯ ಮಾಳಿಗೆಯವರು ದೀಪಾವಳಿಗೆ ಏನು ಕಳಿಸಿದ್ದರು, ಅವರ ಮನೆಯಲ್ಲಿ ಸೂತಕವಿದೆಯೇ, ಯಾರಿಗೆ ಸಕ್ಕರೆ ಕಾಯಿಲೆ, ಈ ವರ್ಷ ಗಂಡನನ್ನು ಕಳೆದುಕೊಂಡವರ ಮನೆಗೆ ಮೊದಲ ತಟ್ಟೆ ಹೋಗಬೇಕಲ್ಲವೇ. ಇದು ಯಾವ ಸಮೀಕ್ಷೆಯ ನಿಮಿಷಗಳಲ್ಲೂ ಬರುವುದಿಲ್ಲ, ಏಕೆಂದರೆ ಇದನ್ನು ಲೋಕಲ್ಲಿನಲ್ಲಿ ನಿಂತುಕೊಂಡೇ ಮಾಡುತ್ತಾರೆ. 'ಏನು ಮಾಡಬೇಕು ಹೇಳು, ಮಾಡುತ್ತೇನೆ' ಎನ್ನುವ ಗಂಡ ಒಳ್ಳೆಯವನೇ. ಹೇಳುವ ಕೆಲಸ ಮಾತ್ರ ಹೆಂಡತಿಯ ತಲೆಯಲ್ಲೇ ಉಳಿಯುತ್ತದೆ.

ಕುಸ್ವಾರಿನ ಪ್ರಾಣ ಇರುವುದು ಈ ಪಟ್ಟಿಯಲ್ಲಿ. ತಿಂಡಿ ಬೇಕರಿಯಲ್ಲೂ ಸಿಗುತ್ತದೆ. ಯಾರ ಮನೆಗೆ ಏಕೆ ಹೋಗಬೇಕು ಎಂಬುದು ಸಿಗುವುದಿಲ್ಲ. ಒಬ್ಬಳ ತಲೆಯಲ್ಲಿ ಮಾತ್ರ ಇರುವ ಪಟ್ಟಿ ಅವಳ ಮೊಣಕಾಲು ಸೋತ ವರ್ಷ ಚಿಕ್ಕದಾಗುತ್ತದೆ, ಅವಳು ಇಲ್ಲದ ವರ್ಷ ಮುಗಿಯುತ್ತದೆ. ಎಷ್ಟೋ ಮನೆಗಳಲ್ಲಿ ಮುಗಿದಿದೆ. ಅಮ್ಮ ಹೋದ ಮೇಲೆ ಅಪ್ಪ ನಕ್ಷತ್ರವನ್ನು ಕಟ್ಟುತ್ತಲೇ ಇರುತ್ತಾರೆ. ತಟ್ಟೆಗಳು ಮಾತ್ರ ಹೊರಡುವುದಿಲ್ಲ.

ಹಡಗು, ಗಲ್ಫು, ಲೋಕಲ್ಲು ಈ ಸಮುದಾಯದ ಗಂಡಸರಿಗೆ ಅಡುಗೆ ಕಲಿಸಿದವು, ಹೆಂಗಸರಿಗೆ ಸ್ಟೂಲು ಹತ್ತಲು ಕಲಿಸಿದವು. ಎರಡೂ ಒಬ್ಬರಿಗೊಬ್ಬರು ದೂರವಿದ್ದಾಗ ಕಲಿತದ್ದು. ಉಳಿದಿರುವುದು ದೂರದಿಂದ ಕಲಿಯುವಂಥದ್ದಲ್ಲ. ನೆರೆಮನೆಯವರ ಹೆಸರು, ಅವರ ಸುಖದುಃಖ, ಅವರ ತಟ್ಟೆಯ ಲೆಕ್ಕ, ಇವನ್ನು ಒಂದೇ ಮೇಜಿನ ಮುಂದೆ ಕೂತು ಇಬ್ಬರೂ ಬರೆದುಕೊಳ್ಳಬೇಕು. ಆ ಎಣ್ಣೆಯ ಕಲೆಯ ನೋಟ್‌ಬುಕ್ಕುಗಳಲ್ಲಿ ಖಾಲಿ ಹಾಳೆಗಳು ಇನ್ನೂ ಇವೆ. ಅವುಗಳಲ್ಲಿ ಈವರೆಗೆ ಕಾಣುವುದು ಹೆಚ್ಚಾಗಿ ಒಂದೇ ಕೈಬರಹ.